ಸಂಪಾದಕರ ಉತ್ತರ: ಮಹಡಿ, ಅಡುಗೆಮನೆ ಮತ್ತು ರಾಮಾನುಜನ್ ಪದ್ಯ

ಮಾನ್ಯರೆ,

ಕವಿ, ಅನುವಾದಕ ಎ.ಕೆ. ರಾಮಾನುಜನ್ ಅವರ ಮೈಸೂರಿನ ಬಾಲ್ಯವನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನಕ್ಕೆ ನೀವು ಬರೆದ ದೀರ್ಘ ಪತ್ರ ತಲುಪಿದೆ. ಇಡಿಯಾಗಿ ಅಚ್ಚು ಹಾಕಲು ಪುಟಗಳು ಸಾಲದ್ದರಿಂದ, ಇತರ ಓದುಗರಿಗೆ ತಿಳಿಯಲೆಂದು ಅದರ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ. ಪದವಿ ತರಗತಿಗಳಿಗೆ ಕನ್ನಡ ಪಾಠ ಹೇಳುವ ನಿಮಗೆ, ಕವಿಯ ತಂದೆತಾಯಿ, ದಾಂಪತ್ಯ, ಬೆಳೆದ ಮನೆ ಇವನ್ನೆಲ್ಲ ಕೆದಕುವುದು ಕಾವ್ಯವನ್ನು ಮನೆವಾರ್ತೆಯ ಮಟ್ಟಕ್ಕೆ ಇಳಿಸುವ ಕೆಲಸವಾಗಿ ಕಂಡಿದೆ. ಬೆಳೆದ ಮನೆಯೇ ಕವಿಯನ್ನು ರೂಪಿಸುವುದಾದರೆ, ಅದೇ ಸೂರಿನಡಿ ಬೆಳೆದ ಒಡಹುಟ್ಟಿದವರೆಲ್ಲ ಏಕೆ ಕವಿಗಳಾಗುವುದಿಲ್ಲ ಎಂದು ಕೇಳಿದ್ದೀರಿ. ಹೆಂಡತಿಯ ತವರಿನ ಸಂಗತಿಯನ್ನು ಪದ್ಯ ಮಾಡಿ ಲೋಕದ ಮುಂದಿಡುವ ಹಕ್ಕನ್ನು ಕವಿಗೆ ಯಾರು ಕೊಟ್ಟರು ಎಂಬುದು ನಿಮ್ಮ ಕೊನೆಯ, ಸ್ವಲ್ಪ ಖಾರವಾದ ಪ್ರಶ್ನೆ. ಇಂಥ ಲೇಖನಗಳನ್ನು ನಿಲ್ಲಿಸಿ ಆ ಜಾಗದಲ್ಲಿ ಪದ್ಯಗಳನ್ನೇ ಹಾಕಿ ಎಂಬ ಸಲಹೆಯೂ ಪತ್ರದಲ್ಲಿದೆ.

ನಿಮ್ಮ ಬೇಸರದ ಮೂಲ ನನಗೆ ಅರ್ಥವಾಗುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಪದ್ಯಕ್ಕಿಂತ ಮೊದಲು ಕವಿ ಪರಿಚಯ ಇರುತ್ತದೆ; ಅದರಲ್ಲಿ ಹುಟ್ಟಿದ ಊರು, ತಂದೆತಾಯಿಯ ಹೆಸರು, ಬಂದ ಪ್ರಶಸ್ತಿಗಳು ಇರುತ್ತವೆ; ವಿದ್ಯಾರ್ಥಿ ಅದನ್ನು ಎರಡು ಅಂಕದ ಪ್ರಶ್ನೆಗಾಗಿ ಉರು ಹೊಡೆದು ಮುಂದಿನ ಪುಟಕ್ಕೆ ಹೋದಾಗ, ಆ ಪರಿಚಯಕ್ಕೂ ಕೆಳಗಿನ ಪದ್ಯಕ್ಕೂ ನಡುವೆ ಯಾವ ಕೊಡುಕೊಳ್ಳುವಿಕೆಯೂ ನಡೆದಿರುವುದಿಲ್ಲ. ಇನ್ನೊಂದು ಬಗೆಯ ಓದು ಇದಕ್ಕಿಂತಲೂ ಕೆಟ್ಟದ್ದು. ಪದ್ಯದಲ್ಲಿ ಅಪ್ಪ ಸತ್ತರೆ ಕವಿಯ ಅಪ್ಪ ಯಾವ ವರ್ಷ ಸತ್ತರೆಂದು ಹುಡುಕಿ, ಸಿಕ್ಕ ಕೂಡಲೇ ಪದ್ಯ ಅರ್ಥವಾಯಿತೆಂದು ಪುಸ್ತಕ ಮುಚ್ಚುವ ಓದು ಅದು. ಇವೆರಡನ್ನೂ ಸಮರ್ಥಿಸುವ ಉದ್ದೇಶ ನನಗಿಲ್ಲ. ಆದರೆ ಇಲ್ಲಿ ತಪ್ಪಿರುವುದು ಕವಿಯ ಬದುಕನ್ನು ತಿಳಿದುಕೊಂಡದ್ದರಲ್ಲಿ ಅಲ್ಲ, ಆ ಬದುಕಿನಿಂದ ಘಟನೆಗಳನ್ನು ಮಾತ್ರ ಹೆಕ್ಕಿಕೊಂಡದ್ದರಲ್ಲಿ. ಬೆಳೆದ ಮನೆ ಕವಿಗೆ ಕೊಡುವುದು ಮುಖ್ಯವಾಗಿ ವಸ್ತುವನ್ನಲ್ಲ, ನೋಡುವ ಕ್ರಮವನ್ನು ಎಂಬುದು ನನ್ನ ತಿಳಿವಳಿಕೆ, ಮತ್ತು ಇದನ್ನು ರಾಮಾನುಜನ್ ಅವರಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಕವಿಗಳು ಕಡಿಮೆ.

1929ರಲ್ಲಿ ಮೈಸೂರಿನ ಶ್ರೀವೈಷ್ಣವ ಕುಟುಂಬದಲ್ಲಿ ಹುಟ್ಟಿದ ಅವರ ಮನೆಯಲ್ಲಿ ಅಡುಗೆಮನೆಯ ಮಾತು ತಮಿಳು, ಬೀದಿಯ ಮಾತು ಕನ್ನಡ, ತಂದೆಯ ಪುಸ್ತಕಗಳಿದ್ದ ಮಹಡಿಯ ಮಾತು ಇಂಗ್ಲಿಷ್. ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯ ಚಿತ್ರವೊಂದನ್ನು ರಾಮಾನುಜನ್ 1989ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಬರೆದಿದ್ದಾರೆ: ತಲೆಗೆ ಬಿಳಿಯ ಪೇಟ, ಹಣೆಗೆ ನಾಮ, ಉಟ್ಟ ಪಂಚೆಯ ಮೇಲೆ ಇಂಗ್ಲಿಷ್ ಸರ್ಜ್ ಬಟ್ಟೆಯ ಕೋಟು, ಕೊರಳಿಗೆ ಟೈ, ಕಾಲಿಗೆ ಚೌಕಳಿ ಕಾಲುಚೀಲ ಮತ್ತು ಮಿರುಗುವ ಬೂಟು, ಮನೆಯ ಒಳಭಾಗಕ್ಕೆ ಕಾಲಿಡುವ ಮೊದಲು ಆ ಬೂಟುಗಳನ್ನು ಜೋಪಾನವಾಗಿ ಕಳಚಿಡುತ್ತಿದ್ದರು. ಅವರು ಖಗೋಳವನ್ನೂ ಬಲ್ಲವರು, ಜಾತಕವನ್ನೂ ನೋಡುವವರು. ನೆಪ್ಚೂನ್, ಪ್ಲೂಟೊಗಳನ್ನು ಕಂಡುಹಿಡಿದ ಮೇಲೂ ನವಗ್ರಹಗಳ ಜ್ಯೋತಿಷ್ಯವನ್ನು ಹೇಗೆ ನಂಬುತ್ತೀರಿ ಎಂದು ಮಗ ಕೇಳಿದರೆ, ಬೇಕಾದ ತಿದ್ದುಪಡಿ ಮಾಡಿಕೊಂಡರಾಯಿತು ಎಂಬಂತೆ ಉತ್ತರ ಕೊಟ್ಟರಂತೆ. ಗೀತೆಯನ್ನೂ ವಿಚಾರವಾದಿ ಬರ್ಟ್ರಂಡ್ ರಸೆಲ್‌ನನ್ನೂ ಒಟ್ಟಿಗೆ ಓದುವುದು ಹೇಗೆಂದು ಕೇಳಿದ್ದಕ್ಕೆ, ಮೆದುಳಿಗೆ ಎರಡು ಹಾಲೆಗಳಿರುವುದು ನಿನಗೆ ಗೊತ್ತಿಲ್ಲವೇ ಎಂದರಂತೆ. ಆಗತಾನೇ ರಸೆಲ್‌ನನ್ನು ಓದಿಕೊಂಡು ವೈಚಾರಿಕತೆಯ ಹುಮ್ಮಸ್ಸಿನಲ್ಲಿದ್ದ ಹುಡುಗನಿಗೆ ಈ ಉತ್ತರಗಳು ರೇಗಿಸಿರಬೇಕು. ಆದರೆ ಆ ಹುಡುಗ ದೊಡ್ಡವನಾಗಿ ಬರೆದ ಪದ್ಯಗಳು ತಂದೆಯ ಪಕ್ಷವನ್ನೂ ವಹಿಸುವುದಿಲ್ಲ, ರಸೆಲ್‌ನ ಪಕ್ಷವನ್ನೂ ವಹಿಸುವುದಿಲ್ಲ. ಒಂದಕ್ಕೊಂದು ಒಗ್ಗದ ಎರಡನ್ನು ಅಕ್ಕಪಕ್ಕದಲ್ಲಿ ಇರಗೊಟ್ಟು, ಅವುಗಳ ನಡುವೆ ರಾಜಿಯನ್ನೂ ಮಾಡಿಸದೆ ತೀರ್ಪನ್ನೂ ಕೊಡದೆ ನೋಡುತ್ತ ನಿಲ್ಲುವುದು ಅವರ ಪದ್ಯಗಳ ನಡೆ. ಬಾಲ್ಯ ಅಲ್ಲಿಗೆ ಬಂದಿರುವುದು ನಡೆಯಾಗಿ.

ಒಂದು ನಿದರ್ಶನ ಕೊಡುತ್ತೇನೆ. ಪರಿಸರವೆಂದು ಅರ್ಥ ಬರುವ ಹೆಸರಿನ ಅವರದೊಂದು ಇಂಗ್ಲಿಷ್ ಪದ್ಯ 1986ರ ಸಂಕಲನದಲ್ಲಿದೆ. ಮೊದಲ ಮಳೆ ಬಿದ್ದ ಮಾರನೆಯ ದಿನ ಕೆಂಡಸಂಪಿಗೆ ಮರಗಳು ಹೂ ಬಿಡುತ್ತವೆ. ಆ ಪರಿಮಳದಿಂದ ತಾಯಿಗೆ ತಲೆಸಿಡಿತ ಶುರುವಾಗುತ್ತದೆ. ಮಗ ಮರ ಕಡಿಸಿಬಿಡುತ್ತೇನೆಂದರೆ ತಾಯಿ ಸಿಟ್ಟಾಗುತ್ತಾಳೆ. ಆ ಮರ ಹೆಚ್ಚುಕಡಿಮೆ ಅವಳಷ್ಟೇ ವಯಸ್ಸಿನದು, ಹಾರಿಹೋಗುವ ಹಕ್ಕಿಯೊಂದರ ಹಿಕ್ಕೆಯಿಂದ ಹುಟ್ಟಿದ್ದು. ಅವಳ ದೇವರಿಗೂ ಹೆಣ್ಣುಮಕ್ಕಳಿಗೂ ಮೊಮ್ಮಕ್ಕಳಿಗೂ ವರ್ಷವರ್ಷ ಬುಟ್ಟಿ ತುಂಬ ಹೂ ಕೊಡುವ ಆ ಮರವೇ, ಬಂಧುಗಳ ಒಂದು ಕವಲಿಗೆ ಹಂಗಾಮು ಬಂದಾಗಲೆಲ್ಲ ತಲೆನೋವನ್ನು ಬಳುವಳಿಯಾಗಿ ಕೊಡುತ್ತದೆ. ಪದ್ಯ ಅಲ್ಲಿಗೆ ಮುಗಿಯುತ್ತದೆ. ತಾಯಿಯನ್ನು ಕುರಿತ ಪದ್ಯಗಳು ನಮ್ಮ ಕಚೇರಿಗೆ ಬರುವಷ್ಟು ಬೇರೆ ಯಾವ ವಸ್ತುವಿನವೂ ಬರುವುದಿಲ್ಲ. ಬಹುಪಾಲು ಪದ್ಯಗಳಲ್ಲಿ ತಾಯಿ ದೇವತೆಯಾಗಿರುತ್ತಾಳೆ, ಇಲ್ಲವೇ ಸವೆದ ಸೀರೆಯ ಸೆರಗಾಗಿರುತ್ತಾಳೆ. ತಲೆಸಿಡಿತವಿರುವ, ಹಟಮಾರಿಯಾದ, ತನ್ನ ನೋವಿಗೆ ಕಾರಣವಾದದ್ದನ್ನೇ ಕಾಪಾಡುವ ತಾಯಿ ಅವುಗಳಲ್ಲಿ ಬರುವುದು ಅಪರೂಪ. ಹಾಗೆ ನೋಡುವುದಕ್ಕೆ ಪ್ರೀತಿಯ ಜೊತೆಗೆ ಒಂದಿಷ್ಟು ದೂರವೂ ಬೇಕು, ಮತ್ತು ರಾಮಾನುಜನ್ ಅವರಿಗೆ ಆ ದೂರ ಹಲವು ಕಡೆಗಳಿಂದ ದೊರೆಯಿತು.

ಮೊದಲನೆಯದು ಭಾಷೆಯಿಂದ. ಸಂಸ್ಕೃತ ಮತ್ತು ಇಂಗ್ಲಿಷನ್ನು ಅವರು ತಂದೆನುಡಿಗಳೆಂದು, ತಮಿಳು ಮತ್ತು ಕನ್ನಡವನ್ನು ತಾಯಿನುಡಿಗಳೆಂದು ಕರೆದುಕೊಂಡದ್ದುಂಟು. ಹಾಗಿರುವಾಗ ತಾಯಿ, ಸೋದರಸಂಬಂಧಿಗಳು, ಅಜ್ಜಿ ಹೇಳಿದ ಕಥೆ, ಅಂಗಳದ ಮರ ಇವುಗಳನ್ನು ಅವರು ಇಂಗ್ಲಿಷಿನಲ್ಲಿ ಬರೆದರೆಂದರೆ, ಅಡುಗೆಮನೆಯ ಸಂಗತಿಯನ್ನು ಮಹಡಿಯ ಭಾಷೆಯಲ್ಲಿ ಬರೆದರೆಂದು ಅರ್ಥ. ಆ ಪದ್ಯಗಳ ತಣ್ಣನೆಯ ದನಿಗೆ ಇದೊಂದು ಕಾರಣವೆಂದು ನಾನು ಭಾವಿಸುತ್ತೇನೆ. ಇದು ಬರೀ ಊಹೆಯಲ್ಲ ಎನ್ನಲು ತಂದೆಯ ನಿಧನವಾರ್ತೆಯನ್ನು ಕುರಿತ ಅವರ ಪದ್ಯವನ್ನು ನೋಡಿ. ತಂದೆ ಬಿಟ್ಟುಹೋದದ್ದು ಧೂಳು ಹಿಡಿದ ಕಾಗದಪತ್ರಗಳ ಮೇಜು, ಸಾಲ, ಹೆಣ್ಣುಮಕ್ಕಳು, ಅಂಗಳದ ಬಾಗಿದ ತೆಂಗಿನ ಮರದ ಮೇಲೆ ನಿಧಾನವಾಗಿ ಒರಗುತ್ತ ಬಂದ ಮನೆ. ಜೊತೆಗೆ ಮದರಾಸಿನ ಪತ್ರಿಕೆಯೊಂದರ ಒಳಪುಟದಲ್ಲಿ ಎರಡು ಸಾಲಿನ ನಿಧನವಾರ್ತೆ. ಆ ಪತ್ರಿಕೆ ರದ್ದಿಗೆ ಹೋಗಿ, ಕಿಲೋ ಲೆಕ್ಕದಲ್ಲಿ ಮಾರಾಟವಾಗಿ, ದಿನಸಿ ಅಂಗಡಿಯಲ್ಲಿ ಉಪ್ಪು, ಕೊತ್ತಂಬರಿ, ಬೆಲ್ಲ ಕಟ್ಟಿಕೊಡುವ ಪೊಟ್ಟಣವಾಗುತ್ತದೆ. ಮಗ ಪೊಟ್ಟಣಗಳನ್ನು ಬಿಡಿಸಿದಾಗಲೆಲ್ಲ ಆ ಎರಡು ಸಾಲು ಸಿಗಬಹುದೇ ಎಂದು ಓದುತ್ತಾನೆ. ಮಹಡಿಯ ಮೇಲೆ ಅಚ್ಚಾದ ಕಾಗದಗಳ ನಡುವೆ ಬದುಕಿದ ತಂದೆಯನ್ನು ಮಗ ಕೊನೆಗೆ ಹುಡುಕುತ್ತಿರುವುದು ಅಡುಗೆಮನೆಗೆ ಹೋಗುವ ಪೊಟ್ಟಣದಲ್ಲಿ. ಆ ಪತ್ರಿಕೆ ಯಾವುದು, ತಾರೀಖು ಯಾವುದು ಎಂದು ಪತ್ತೆ ಹಚ್ಚಿದವರಿಗೆ ಇಲ್ಲಿ ದಕ್ಕುವುದು ಏನೂ ಇಲ್ಲ. ಆ ಮನೆಯ ಎರಡು ಅಂತಸ್ತುಗಳನ್ನು ಬಲ್ಲವರಿಗೆ ದಕ್ಕುವುದು ಸಾಕಷ್ಟಿದೆ.

ಒಡಹುಟ್ಟಿದವರ ಪ್ರಶ್ನೆಗೆ ಐದು ಬೆರಳೂ ಸಮ ಇರುವುದಿಲ್ಲವೆಂದು ಹೇಳಿ ಜಾರಿಕೊಳ್ಳಬಹುದು. ಆದರೆ ಅದಕ್ಕೆ ಸರಿಯಾದ ಉತ್ತರವೇ ಇದೆ. ಮನೆ ಕೊಟ್ಟದ್ದು ಹಾಗೆಯೇ ಪದ್ಯವಾಗುವುದಿಲ್ಲ, ಅದನ್ನು ಬೇರೆಲ್ಲೋ ಮತ್ತೆ ಕಂಡುಕೊಳ್ಳಬೇಕಾಗುತ್ತದೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋದರು. ಮುಂದೆ ಷಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತಿದ್ದಾಗ ಸಂಗಂ ಕಾವ್ಯದ ಸಂಕಲನವೊಂದು ಅವರ ಕೈಗೆ ಸಿಕ್ಕಿತು. ತಾಯಿ ಆಡುತ್ತಿದ್ದ ಭಾಷೆಯ ಎರಡು ಸಾವಿರ ವರ್ಷದಷ್ಟು ಹಳೆಯ ಪದ್ಯಗಳನ್ನು ಅವರು ಹಾಗೆ ಪರದೇಶದ ನೆಲಮಾಳಿಗೆಯಲ್ಲಿ ಓದಿದರು. 1967ರಲ್ಲಿ ಅವುಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಅಗಂ ಎಂದು ಕರೆಯುವ ಆ ಪ್ರೇಮಪದ್ಯಗಳಲ್ಲಿ ಯಾರ ಹೆಸರೂ ಬರಕೂಡದೆಂಬ ಕಟ್ಟಳೆಯಿದೆ. ಅವನು, ಅವಳು, ಅವಳ ಗೆಳತಿ, ತಾಯಿ, ಸಾಕುತಾಯಿ ಎಂಬ ಸಂಬಂಧಗಳಷ್ಟೇ ಅಲ್ಲಿ ಮಾತಾಡುತ್ತವೆ. ಖಾಸಗಿಯಾದದ್ದನ್ನು ಯಾರ ಖಾಸಗಿಯೂ ಅಲ್ಲದಂತೆ ಹೇಳುವ ದಾರಿ ಅವರಿಗೆ ಅಲ್ಲಿ ದೊರೆತಿರಬೇಕು. 1971ರ ಸಂಕಲನಕ್ಕೆ ಅವರು ಸಂಬಂಧಗಳು ಎಂದೇ ಹೆಸರಿಟ್ಟರು. ಹುಟ್ಟೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬ ವಾದ ನಿಲ್ಲುವುದಿಲ್ಲ ಎನ್ನುವುದಕ್ಕೂ ಅವರೇ ಸಾಕ್ಷಿ. ಶ್ರೀವೈಷ್ಣವ ಮನೆಯ ಮಗ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ, ದೇವರ ದಾಸಿಮಯ್ಯನವರ ವಚನಗಳನ್ನು ಇಂಗ್ಲಿಷಿಗೆ ತಂದ ಪುಸ್ತಕ ಹೊರಬಂದದ್ದು 1973ರಲ್ಲಿ. ಮನೆಯ ಪರಂಪರೆಗೇ ಸೇರಿದ ತಮಿಳು ಭಕ್ತಕವಿ ನಮ್ಮಾಳ್ವಾರರ ಪಾಸುರಗಳು, ಅಂದರೆ ವಿಷ್ಣುಸ್ತುತಿಯ ಪದ್ಯಗಳು, ಇಂಗ್ಲಿಷಿಗೆ ಬಂದದ್ದು 1981ರಲ್ಲಿ.

ಇನ್ನು ನಿಮ್ಮನ್ನು ಹೆಚ್ಚು ಕೆರಳಿಸಿದ, ಹೆಂಡತಿಗಾಗಿ ಬರೆದ ಪ್ರೇಮಪದ್ಯದ ವಿಚಾರ. ಅವರ ಪತ್ನಿ ಕೇರಳದ ಸಿರಿಯನ್ ಕ್ರೈಸ್ತ ಮನೆತನದವರು, ತಾವೂ ಲೇಖಕಿಯಾಗಿದ್ದ ಮಾಲಿ ಡೇನಿಯಲ್ಸ್. ವರ್ಷಗಳೇ ಕಳೆದರೂ ನಮ್ಮನ್ನು ದೂರ ಇಟ್ಟಿರುವುದು ಜೊತೆಯಾಗಿ ಕಳೆಯದ ಬಾಲ್ಯ ಎಂಬ ಮಾತಿನಿಂದ ಪದ್ಯ ಶುರುವಾಗುತ್ತದೆ. ಷಿಕಾಗೋದ ಮನೆಯಲ್ಲಿ ಒಂದು ರಾತ್ರಿ ಹೆಂಡತಿಗೂ ಅವಳ ಅಣ್ಣನಿಗೂ ಜಗಳ. ಆಲಪ್ಪುಳದ ಅಜ್ಜನ ಮನೆಯ ಹಿತ್ತಿಲಿನಲ್ಲಿ ಬಚ್ಚಲು ಇದ್ದದ್ದು ಹಲಸಿನ ಮರದ ಪಕ್ಕದ ಬಾವಿಯ ಉತ್ತರಕ್ಕೋ ದಕ್ಷಿಣಕ್ಕೋ ಎಂಬುದು ಜಗಳದ ವಿಷಯ. ಇಬ್ಬರೂ ನೆಲದ ಮೇಲೆ ಕೂತು ಹಳೆಯ ಪತ್ರಿಕೆ, ಲಕೋಟೆಯ ಬೆನ್ನು, ಕೊನೆಗೆ ಅಮೆರಿಕದ ರಸ್ತೆ ನಕ್ಷೆಗಳ ಮೇಲೂ ಆ ಮನೆಯ ನಕ್ಷೆಯನ್ನು ಬರೆಯತೊಡಗುತ್ತಾರೆ. ಕವಿ ಮತ್ತು ಆ ಅಣ್ಣನ ಹೆಂಡತಿ, ಹೊರಗಿನಿಂದ ಬಂದ ಇಬ್ಬರೂ, ಎಲ್ಲಿಯದೂ ಅಲ್ಲದ ಕೋಣೆಯೊಂದರಲ್ಲಿ ಕತ್ತರಿಸಿಟ್ಟ ಖಾಲಿ ಕಾಗದದ ಬೊಂಬೆಗಳಾಗಿ ಕೂತಿರುತ್ತಾರೆ. ಇಲ್ಲಿ ನಗೆಪಾಟಲಿಗೆ ಗುರಿಯಾಗಿರುವುದು ಹೆಂಡತಿಯ ತವರಲ್ಲ, ಅದರ ಹೊರಗೆ ಉಳಿದುಹೋದ ಗಂಡ ಎಂಬುದನ್ನು ನೀವು ಗಮನಿಸಿದಂತಿಲ್ಲ. ಹಕ್ಕಿನ ಪ್ರಶ್ನೆಗೆ ನನ್ನಲ್ಲಿ ಇದಕ್ಕಿಂತ ದೊಡ್ಡ ಉತ್ತರವಿಲ್ಲ. ತನ್ನನ್ನು ಬಚಾವು ಮಾಡಿಕೊಂಡು ಮನೆಯವರನ್ನು ಬಯಲಿಗೆಳೆಯುವ ಪದ್ಯವನ್ನು ನಾನೂ ಅಚ್ಚು ಹಾಕುವುದಿಲ್ಲ.

ಈ ಪದ್ಯದ ಪಕ್ಕದಲ್ಲಿ ಅವರೇ ಅನುವಾದಿಸಿದ, ಸಂಗಂ ಸಂಕಲನವಾದ ಕುರುಂತೊಗೈಯ 40ನೆಯ ಪದ್ಯವನ್ನು ಇಟ್ಟುಕೊಳ್ಳಿ. ನನ್ನ ತಾಯಿ ನಿನ್ನ ತಾಯಿಗೆ ಏನಾಗಬೇಕು, ನನ್ನ ತಂದೆ ನಿನ್ನ ತಂದೆಗೆ ಯಾವ ನಂಟ ಎಂದು ಕೇಳುತ್ತ ಹೋಗುವ ಆ ಪ್ರೇಮಿ, ಕೊನೆಗೆ ನಮ್ಮ ಹೃದಯಗಳು ಕೆಮ್ಮಣ್ಣು ಮತ್ತು ಸುರಿವ ಮಳೆಯ ಹಾಗೆ ಬೆರೆತುಹೋದವು ಎನ್ನುತ್ತಾನೆ. ಮೈಸೂರಿನ ಮನೆಗೂ ಆಲಪ್ಪುಳದ ಮನೆಗೂ ಯಾವ ನಂಟೂ ಇರಲಿಲ್ಲ. ಪ್ರೀತಿಯೇನೋ ಬೆರೆಸಿತು, ಆದರೆ ಹಿತ್ತಿಲಿನ ಬಾವಿಯ ದಿಕ್ಕನ್ನು ಅದು ಹೇಳಿಕೊಡಲಾರದು. ಸಂಗಂ ಕವಿಗೆ ರಾಮಾನುಜನ್ ಕೊಟ್ಟ ಮರುತ್ತರ ಇದೆಂದು ನನಗೆ ತೋರುತ್ತದೆ. ಅವರ ದಾಂಪತ್ಯದ ಸುದ್ದಿಯಿಂದ ನಾನು ಇಲ್ಲಿ ಬಳಸಿಕೊಂಡದ್ದು ಇಬ್ಬರೂ ಬೇರೆ ಬೇರೆ ಊರಿನ, ಬೇರೆ ಬೇರೆ ಧರ್ಮದ ಮನೆಗಳಿಂದ ಬಂದವರು ಎಂಬಷ್ಟನ್ನೇ. ಅದಕ್ಕಿಂತ ಹೆಚ್ಚಿನದು ಪದ್ಯಕ್ಕೆ ಬೇಕಿಲ್ಲ.

ಕನ್ನಡದಿಂದಲೇ ಒಂದು ನಿದರ್ಶನ ಕೊಡದಿದ್ದರೆ ನೀವು ಒಪ್ಪಲಾರಿರಿ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಪದ್ಯವನ್ನು ಪ್ರಣಯಗೀತೆಯ ಧಾಟಿಯಲ್ಲಿ ವೇದಿಕೆಯ ಮೇಲೆ ಹಾಡಿದ್ದನ್ನು ನೀವೂ ಕೇಳಿರುತ್ತೀರಿ. ಮಗುವನ್ನು ಕಳೆದುಕೊಂಡ ಸಂಕಟದಲ್ಲಿ ಹೆಂಡತಿಯ ನೋಟವನ್ನು ಎದುರಿಸಲಾಗದೆ ಹುಟ್ಟಿದ ಪದ್ಯ ಅದೆಂದು ತಿಳಿದವರು ಹಾಗೆ ಹಾಡಲಾರರು. ಇಲ್ಲಿ ಬದುಕಿನ ಸಂಗತಿ ಓದನ್ನು ತಿದ್ದುತ್ತದೆ ಎಂಬುದು ನಿಜ. ಆದರೆ ಹುಣ್ಣಿಮೆ ಚಂದಿರನ ಹೆಣ ಹಗಲಿನ ಮುಗಿಲಿನಲ್ಲಿ ತೇಲಿಬರುವುದನ್ನು ಪದ್ಯವೇ ತೋರಿಸಿದೆಯಲ್ಲ. ಅದರ ಮುಂದೆ ನಿಂತು ಓದಿದವನಿಗೆ, ಕವಿಯ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ, ಇದು ಪ್ರಣಯದ ಮುನಿಸಲ್ಲ, ಸಾವು ಹೊಕ್ಕ ಮನೆ ಎಂದು ತಿಳಿಯಬೇಕು. ಜೀವನ ಚರಿತ್ರೆ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತದೆ, ಅಷ್ಟೆ. ಹಾಗೆ ಬೆರಳಿಡುವುದು ಕೂಡ ಸಣ್ಣ ಉಪಕಾರವಲ್ಲ, ಏಕೆಂದರೆ ರಾಗದ ಇಂಪಿನಲ್ಲಿ ಆ ಸಾಲನ್ನು ನಾವೆಲ್ಲ ಎಷ್ಟೋ ಸಲ ದಾಟಿಕೊಂಡು ಹೋಗಿದ್ದೇವೆ.

ಆದ್ದರಿಂದ ಲೇಖನಮಾಲೆಯನ್ನು ನಿಲ್ಲಿಸುವುದಿಲ್ಲ. ನಿಮ್ಮ ಸಲಹೆಯ ಅರ್ಧವನ್ನು ಮಾತ್ರ ಒಪ್ಪಿಕೊಂಡು, ಮುಂದಿನ ಸಂಚಿಕೆಯಿಂದ, ಹಕ್ಕುದಾರರ ಅನುಮತಿ ದೊರೆತ ಕಡೆ, ಪದ್ಯವನ್ನು ಇಡಿಯಾಗಿ ಮೊದಲು ಅಚ್ಚು ಹಾಕಿ ಲೇಖನವನ್ನು ಅದರ ನಂತರದ ಪುಟಕ್ಕೆ ಸರಿಸುತ್ತೇವೆ. ನಿಮ್ಮಲ್ಲಿ ನನ್ನದೊಂದು ಕೋರಿಕೆಯೂ ಇದೆ. ಕೆಂಡಸಂಪಿಗೆಯ ಪದ್ಯವನ್ನಾಗಲಿ ಪೊಟ್ಟಣದ ಪದ್ಯವನ್ನಾಗಲಿ ಕವಿಯ ಹೆಸರನ್ನೂ ಹೇಳದೆ ನಿಮ್ಮ ತರಗತಿಯಲ್ಲಿ ಓದಿಸಿ, ಪ್ರತಿಯೊಬ್ಬರಿಂದಲೂ ಅರ್ಧ ಪುಟ ಬರೆಸಿಕೊಳ್ಳಿ. ಮರುದಿನ ಮೈಸೂರಿನ ಆ ಮಹಡಿ ಮನೆಯ ವಿಷಯ ತಿಳಿಸಿ, ಇನ್ನರ್ಧ ಪುಟ ಬರೆಸಿ. ಎರಡನೆಯ ಅರ್ಧದಲ್ಲಿ ಮನೆಯ ಸುದ್ದಿ ಮಾತ್ರ ಇದ್ದು ಪದ್ಯ ಕಾಣೆಯಾಗಿದ್ದರೆ, ಆ ಹಾಳೆಗಳನ್ನು ಹಾಗೆಯೇ ನಮಗೆ ಕಳಿಸಿಕೊಡಿ. ನಿಮ್ಮ ಪತ್ರದ ಜೊತೆಗೆ ಅವುಗಳಲ್ಲಿ ಕೆಲವನ್ನು ಪ್ರಕಟಿಸುತ್ತೇವೆ.

ಇಂತು,
ಸಂಪಾದಕ