ಎಲ್ಕ್ ಬೇಟೆ: ಹಳೇ ಜಾಗ ಬಿಡಬೇಕಾ, ಹೊಸದು ಹುಡುಕಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ತೀರ್ಥಹಳ್ಳಿ ಕಡೆ, ಈಗ ಇರುವುದು ಡೆನ್ವರ್ ಹತ್ತಿರ. ಆಫೀಸಿನ ಸ್ನೇಹಿತರ ಜೊತೆ ಪ್ರತಿ ಅಕ್ಟೋಬರ್ ಕೊನೆಗೆ, ಎರಡನೇ ರೈಫಲ್ ಸೀಸನ್‌ನಲ್ಲಿ, ಫ್ಲ್ಯಾಟ್ ಟಾಪ್ಸ್ ಬೆಟ್ಟಗಳ ಯೂನಿಟ್ 24ಕ್ಕೆ ಎಲ್ಕ್ ಬೇಟೆಗೆ ಹೋಗುತ್ತೇವೆ. ಮೊದಲೆಲ್ಲ ಬೆಳಗ್ಗೆ ಹುಲ್ಲುಗಾವಲಿನ ಅಂಚಿನಲ್ಲಿ ಕೂತರೆ ಹಿಂಡೇ ಕಾಣುತ್ತಿತ್ತು. ಈಚೆಗೆ ಕಾಣುವುದು ಬರೀ ಬೇಟೆಗಾರರ ಕಿತ್ತಳೆ ಜಾಕೆಟ್ಟು, ಟೆಂಟು. ಒಬ್ಬ ವಯೋಮಿಂಗ್‌ಗೆ ಹೋಗೋಣ ಅಂತಾನೆ, ಇನ್ನೊಬ್ಬ ದಕ್ಷಿಣಕ್ಕೆ ಸ್ಯಾನ್ ಹುವಾನ್ ಬೆಟ್ಟಗಳು ಅಂತಾನೆ. ನನಗೆ ದಾರಿ, ನೀರು, ಕ್ಯಾಂಪು ಎಲ್ಲಾ ಗೊತ್ತಿರುವ ಜಾಗ ಬಿಡಲು ಮನಸ್ಸಿಲ್ಲ. ಏನು ಮಾಡಲಿ?
— ಓದುಗರು, ಅರೋರಾ, ಕೊಲರಾಡೊ

ಉತ್ತರ: ಯೂನಿಟ್ ಬಿಡಬೇಡಿ. ಈ ವರ್ಷವಂತೂ ಬೇಡ. ಆ ಹುಲ್ಲುಗಾವಲನ್ನು ಮಾತ್ರ ಬಿಟ್ಟುಬಿಡಿ.

ಊರಲ್ಲಿ ಕೂತು ಓದುತ್ತಿರುವವರಿಗೆ ಮೊದಲು ಒಂದು ಮಾತು. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡ ನೆಂಟ. ಗಂಡು ಸುಲಭವಾಗಿ 300 ಕೆ.ಜಿ. ದಾಟುತ್ತದೆ. ಉತ್ತರ ಅಮೆರಿಕದಲ್ಲಿ ಅತಿ ಹೆಚ್ಚು ಎಲ್ಕ್ ಇರುವ ರಾಜ್ಯ ಕೊಲರಾಡೊ. ಇಡೀ ರಾಜ್ಯವನ್ನು ನಂಬರ್ ಹಾಕಿದ ಯೂನಿಟ್‌ಗಳಾಗಿ ಹಂಚಿದ್ದಾರೆ, ಕೋವಿ ಬೇಟೆಯ ಕಾಲವನ್ನೂ ಒಂದನೇ, ಎರಡನೇ ಸೀಸನ್ ಅಂತ ಭಾಗ ಮಾಡಿದ್ದಾರೆ; ಯಾವ ಯೂನಿಟ್, ಯಾವ ಸೀಸನ್, ಗಂಡೋ ಹೆಣ್ಣೋ ಎಲ್ಲವೂ ಲೈಸೆನ್ಸ್‌ನಲ್ಲೇ ಬರೆದಿರುತ್ತದೆ.

ಈಗ ನಿಮ್ಮ ವಿಷಯ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಕಿತ್ತಳೆ ಜಾಕೆಟ್ಟು. ಎಲ್ಕ್ ಹೋಗಿದೆಯೋ, ಜನ ಬಂದಿದ್ದಾರೋ? ಎರಡಕ್ಕೂ ಮದ್ದು ಬೇರೆ ಬೇರೆ. ನೀವಿರುವುದು ವೈಟ್ ರಿವರ್ ಹಿಂಡಿನ ಜಾಗದಲ್ಲಿ, ರಾಜ್ಯದಲ್ಲೇ ದೊಡ್ಡ ಹಿಂಡು ಅದು. ಅಂಥ ಹಿಂಡು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಹೋಗುವುದಿಲ್ಲ. ಜನ ಜಾಸ್ತಿಯಾದರೆ ಒಳಗೆ ಸರಿಯುತ್ತದೆ ಅಷ್ಟೇ. ರಸ್ತೆಯಿಂದ ದೂರದ ಕಡಿದಾದ ಕೊಳ್ಳಕ್ಕೆ, ಬಿದ್ದ ಮರಗಳ ಮಧ್ಯಕ್ಕೆ, ಇಲ್ಲವೇ ಬೇಲಿ ಹಾಕಿದ ಖಾಸಗಿ ರ‍್ಯಾಂಚಿಗೆ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ ಕಡೆ ತಲೆ ಹಾಕದ ಬೆಂಗಳೂರಿನವರ ಹಾಗೆ, ಗಲಾಟೆ ಎಲ್ಲಿ ಎಷ್ಟೊತ್ತಿಗೆ ಅಂತ ಅದಕ್ಕೂ ಚೆನ್ನಾಗಿ ಗೊತ್ತು.

ಇದನ್ನು ಊಹೆಯ ಮೇಲೆ ತೀರ್ಮಾನಿಸಬೇಕಾಗಿಲ್ಲ. ಕೊಲರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ ಪ್ರತಿ ವರ್ಷ ಯೂನಿಟ್‌ವಾರು, ಸೀಸನ್‌ವಾರು ಲೆಕ್ಕ ಹಾಕುತ್ತದೆ: ಎಷ್ಟು ಬೇಟೆಗಾರರು ಹೋದರು, ಎಷ್ಟು ಗಂಡು, ಎಷ್ಟು ಹೆಣ್ಣು ಬಿತ್ತು. ಒಂದು ವರ್ಷದ್ದು ನೋಡಿ ಏನೂ ಗೊತ್ತಾಗುವುದಿಲ್ಲ, ಐದಾರು ವರ್ಷದ್ದನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಜನ ಹೆಚ್ಚಾಗಿ, ಬಿದ್ದ ಪ್ರಾಣಿಗಳ ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಇದ್ದರೆ ಎಲ್ಕ್ ಅಲ್ಲೇ ಇದೆ, ನೀವು ಕೂತ ಜಾಗ ತಪ್ಪು. ಎರಡೂ ಕಮ್ಮಿಯಾಗಿದ್ದರೆ ಲೈಸೆನ್ಸ್ ಕಡಿತ ಆಗಿತ್ತಾ ನೋಡಿ. 2022-23ರ ಚಳಿಗಾಲದಲ್ಲಿ ರಾಜ್ಯದ ವಾಯವ್ಯ ಭಾಗದಲ್ಲಿ ವಿಪರೀತ ಹಿಮ ಬಿದ್ದು ಎಲ್ಕ್, ಜಿಂಕೆ ತುಂಬಾ ಸತ್ತವು, 2023ಕ್ಕೆ ಅಲ್ಲಿನ ಲೈಸೆನ್ಸ್‌ಗಳನ್ನು ಚೆನ್ನಾಗಿಯೇ ಕತ್ತರಿಸಿದರು. ನಿಮ್ಮ ಖಾಲಿ ವರ್ಷಗಳು ಅದರ ಬೆನ್ನಿಗೇ ಬಂದಿದ್ದರೆ ಆಶ್ಚರ್ಯ ಏನಿಲ್ಲ. ಹಿಂಡು ಚೇತರಿಸಿಕೊಳ್ಳಲು ಕೆಲವು ವರ್ಷ ಬೇಕು.

ಇನ್ನೊಂದು ಸಂಖ್ಯೆ ನೋಡಿ, ಇದನ್ನು ಬಹಳ ಜನ ನೋಡುವುದೇ ಇಲ್ಲ. ಬೇಟೆ ಸೀಸನ್ ಮುಗಿದ ಮೇಲೆ ಚಳಿಗಾಲದಲ್ಲಿ ಇಲಾಖೆಯವರು ಹೆಲಿಕಾಪ್ಟರ್‌ನಲ್ಲಿ ಹೋಗಿ ಎಣಿಸುತ್ತಾರೆ, 100 ಹೆಣ್ಣಿಗೆ ಎಷ್ಟು ಗಂಡು, ಎಷ್ಟು ಮರಿ ಅಂತ. ಮರಿಗಳ ಲೆಕ್ಕ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಆ ಜಾಗ ನಿಜವಾಗಿಯೂ ಕೆಡುತ್ತಿದೆ. ನಿಮ್ಮ ಸ್ನೇಹಿತರು ಆಸೆಪಡುತ್ತಿರುವ ನೈಋತ್ಯದ ಹಿಂಡುಗಳಲ್ಲೇ ಮರಿಗಳ ಸಂಖ್ಯೆ ಕಮ್ಮಿ ಅನ್ನುವುದು ಇಲಾಖೆಗೆ ಬಹಳ ದಿನಗಳ ಚಿಂತೆ. ಸ್ಯಾನ್ ಹುವಾನ್ ನೋಡಲು ಚಂದ. ಬೇಟೆಗೆ ಅದೇ ಕಾರಣ ಸಾಕಾಗುವುದಿಲ್ಲ ಅಲ್ವಾ?

ಹಾಗಂತ ಜಾಗ ಕೆಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ವೇಲ್ ಸುತ್ತಲಿನ ಯೂನಿಟ್ 45 ನೋಡಿ. ಅಲ್ಲಿ ಕೋವಿಗಿಂತ ಸೈಕಲ್ಲು, ಸ್ಕೀಯಿಂಗು, ಚಾರಣದವರ ಓಡಾಟ ವರ್ಷಪೂರ್ತಿ ಹೆಚ್ಚಾಗಿ ಎಲ್ಕ್ ಸಂಖ್ಯೆ ಕುಸಿದುಹೋಯಿತು. ನಿಮ್ಮ ಕಣಿವೆಗೆ ಹೊಸದಾಗಿ ಟ್ರೇಲ್ ಬಂದಿದ್ದರೆ, ಜೂನ್‌ನಲ್ಲಿ ಮರಿ ಹಾಕುವ ಹೊತ್ತಿಗೇ ಜನ ತುಂಬಿಕೊಳ್ಳುತ್ತಿದ್ದರೆ, ಆಗ ಬಿಡುವ ಮಾತಾಡಬಹುದು. ಬೆಂಕಿ ಬಿದ್ದ ಕಾಡಿನ ವಿಷಯ ಉಲ್ಟಾ. ಸುಟ್ಟ ಜಾಗ ನೋಡಿ ಜನ ಓಡಿಹೋಗುತ್ತಾರೆ, ಆದರೆ ಒಂದೆರಡು ಮಳೆಗಾಲ ಕಳೆದ ಮೇಲೆ ಅಲ್ಲಿ ಹುಲ್ಲು, ಆಸ್ಪೆನ್ ಚಿಗುರು ಬಂದರೆ ಎಲ್ಕ್‌ಗೆ ಅದೇ ಊಟದ ಮನೆ. 2020ರ ಅಕ್ಟೋಬರ್‌ನಲ್ಲಿ ಗ್ರ್ಯಾಂಡ್ ಕೌಂಟಿಯಲ್ಲಿ ಈಸ್ಟ್ ಟ್ರಬಲ್‌ಸಮ್ ಬೆಂಕಿ 1.93 ಲಕ್ಷ ಎಕರೆ ಸುಟ್ಟಿತು. ಅಂಥ ಜಾಗದ ಅಂಚುಗಳನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಒಣಗಿ ನಿಂತ ಮರ ಗಾಳಿಗೆ ಬೀಳುತ್ತದೆ, ಅದರ ಕೆಳಗೆ ಮಾತ್ರ ಟೆಂಟ್ ಹಾಕಬೇಡಿ.

ಜಾಗ ಬದಲಿಸುವ ಮೊದಲು ಸಮಯ ಬದಲಿಸಿ. ನನ್ನ ಸಲಹೆಯಲ್ಲಿ ಇದೇ ಮುಖ್ಯ. ನಿಮಗೆ ಗೊತ್ತಿರುವುದು ಯೂನಿಟ್ 24 ಅಲ್ಲ, ಅಕ್ಟೋಬರ್ ಕೊನೆಯ ವಾರದ ಯೂನಿಟ್ 24. ಅದೇ ಬೆಟ್ಟ ಸೆಪ್ಟೆಂಬರ್‌ನಲ್ಲಿ ಬೇರೆ, ನವೆಂಬರ್‌ನಲ್ಲಿ ಬೇರೆ. ಮೊದಲನೇ ರೈಫಲ್ ಸೀಸನ್‌ಗೆ ಡ್ರಾದಲ್ಲೇ ಹೆಸರು ಬರಬೇಕು, ಇರುವುದೂ ಐದೇ ದಿನ, ಆದರೆ ಜನ ಕಮ್ಮಿ, ಪ್ರಾಣಿ ಇನ್ನೂ ಬೆದರಿರುವುದಿಲ್ಲ. ಏಪ್ರಿಲ್ ಮೊದಲ ಮಂಗಳವಾರದೊಳಗೆ ಅರ್ಜಿ ಹಾಕಬೇಕು, ನೆನಪಿರಲಿ. ಮೂರನೇ ಸೀಸನ್ ಇನ್ನೊಂದು ದಾರಿ. ನವೆಂಬರ್‌ನಲ್ಲಿ ಮೇಲೆ ಹಿಮ ಕೂತರೆ ಹಿಂಡು ಎತ್ತರದ ಬಯಲು ಬಿಟ್ಟು ಪಶ್ಚಿಮಕ್ಕೆ, ಮೀಕರ್ ಕಡೆಯ ಓಕ್ ಪೊದೆ, ಸೇಜ್ ಕುರುಚಲಿಗೆ ಇಳಿಯುತ್ತದೆ. ಆಗ ನೀವು ಹತ್ತು ಸಾವಿರ ಅಡಿಯ ಹಳೇ ಕ್ಯಾಂಪಿನಲ್ಲಿ ಕೂತರೆ ಕಾಫಿ ಕುಡಿದು ಬರಬೇಕು ಅಷ್ಟೇ. ಹಿಮ ಬೀಳದ ವರ್ಷ ಇದೆಲ್ಲ ತಲೆಕೆಳಗು, ಅದಕ್ಕೇ ಎತ್ತರದ್ದೊಂದು, ತಗ್ಗಿನದ್ದೊಂದು ಎರಡು ಜಾಗ ಮೊದಲೇ ನೋಡಿಟ್ಟಿರಬೇಕು.

ಸೀಸನ್ ಬದಲಿಸಲು ರಜೆ ಸಿಗುವುದಿಲ್ಲವಾ? ಹಾಗಾದರೆ ಗಂಟೆ ಬದಲಿಸಿ. ಹುಲ್ಲುಗಾವಲಿಗೆ ಎಲ್ಕ್ ಈಗಲೂ ಬರುತ್ತಿರಬಹುದು, ರಾತ್ರಿ. ಬೆಳಕು ಹರಿಯುವ ಮೊದಲೇ ಎದ್ದು ಹೋಗಿರುತ್ತದೆ. ಹಗಲು ಮಲಗುವುದು ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ದಟ್ಟ ಸ್ಪ್ರೂಸ್ ಕಾಡಿನಲ್ಲಿ, ಸಾಮಾನ್ಯವಾಗಿ ಇಳಿಜಾರು ಸ್ವಲ್ಪ ಸಮ ಆಗುವ ತಟ್ಟಿನಲ್ಲಿ. ಹುಲ್ಲುಗಾವಲಿನಿಂದ ಹೊರಟ ಹೆಜ್ಜೆ ಹಿಡಿದು ನಿಧಾನವಾಗಿ ಆ ಕಡೆ ನಡೆಯಿರಿ. ಹಿಕ್ಕೆ ಸಿಕ್ಕರೆ ಸುಮ್ನೆ ದಾಟಿ ಹೋಗಬೇಡಿ, ಬೂಟಿನ ತುದಿಯಲ್ಲಿ ಒಂದನ್ನು ಒಡೆದು ನೋಡಿ. ಹೊರಗೆ ಮಿರಮಿರ, ಒಳಗೆ ಹಸಿರು, ತೇವ ಇದ್ದರೆ ಪ್ರಾಣಿ ಹತ್ತಿರದಲ್ಲೇ ಇದೆ, ಅಲ್ಲಿಂದ ಮುಂದೆ ಮಾತು ಬೇಡ. ಬೂದು ಬಣ್ಣಕ್ಕೆ ತಿರುಗಿ ಪುಡಿಯಾದರೆ ಅದು ಬೇಸಿಗೆಯ ಕಥೆ. ಗಾಳಿಯ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ: ಬೆಳಗಿನ ಜಾವ ತಣ್ಣಗಿನ ಗಾಳಿ ಕೆಳಕ್ಕೆ ಹರಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ. ಹಾಗಾಗಿ ಬೆಳಗ್ಗೆ ಕೆಳಗಿನಿಂದ ಹತ್ತಿ, ಹತ್ತು ಗಂಟೆ ಹೊತ್ತಿಗೆ ಅವು ಮಲಗಿದ ತಟ್ಟಿನ ಮಟ್ಟಕ್ಕೋ ಮೇಲಕ್ಕೋ ಬಂದುಬಿಡಬೇಕು. ಮಲೆನಾಡಿನ ಹಳಬರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ, ಬಿಲ್ಲಿಗೆ, ಅಂದರೆ ಹೊಂಚು ಹಾಕುವ ಜಾಗಕ್ಕೆ, ಕೂರುವ ಮೊದಲು ಗಾಳಿ ನೋಡುತ್ತಿದ್ದರು.

ಆದರೆ ಒಳಗೆ ಹೋದಷ್ಟೂ ಹೊರಗೆ ಹೊರಬೇಕು. ದೊಡ್ಡ ಗಂಡಾದರೆ ಎಲುಬು ಬಿಡಿಸಿದ ಮಾಂಸವೇ 80-90 ಕೆ.ಜಿ. ಆಗಬಹುದು, ಹಾಳು ಮಾಡಿದರೆ ಕೇಸು. ನಾಲ್ಕು ಜನ ಇದ್ದೀರಾ, ಬೆನ್ನು ಗಟ್ಟಿ ಇದೆಯಾ, ಅಕ್ಟೋಬರ್ ಬಿಸಿಲು ಜೋರಿದ್ದರೆ ಮಾಂಸ ತಣ್ಣಗೆ ಇಡುವುದು ಎಲ್ಲಿ, ಇದನ್ನೆಲ್ಲ ಕೋವಿ ಎತ್ತುವ ಮೊದಲು ಯೋಚಿಸಿ.

ವಯೋಮಿಂಗ್? ಆ ಸ್ನೇಹಿತರಿಗೆ ಇದನ್ನು ಓದಿ ಹೇಳಿ. ಹೊರರಾಜ್ಯದವರಿಗೆ ಅಲ್ಲಿನ ಎಲ್ಕ್ ಲೈಸೆನ್ಸ್‌ಗೆ ಸುಮಾರು 700 ಡಾಲರ್, ಕೊಲರಾಡೊದವರಾದ ನಿಮಗೆ ಇಲ್ಲಿ ನೂರರ ಒಳಗೆ. ಅರ್ಜಿಯ ಗಡುವು ನಮ್ಮದಕ್ಕಿಂತ ಎರಡು ತಿಂಗಳು ಮೊದಲೇ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ತೊಡಕು, ವೈಲ್ಡರ್‌ನೆಸ್ ಅಂತ ಘೋಷಿಸಿದ ಫೆಡರಲ್ ಕಾಡಿನ ಒಳಗೆ ಹೊರರಾಜ್ಯದವರು ಗೈಡ್ ಅಥವಾ ಅಲ್ಲಿನ ನಿವಾಸಿ ಜೊತೆಗಿಲ್ಲದೆ ದೊಡ್ಡ ಪ್ರಾಣಿ ಬೇಟೆ ಆಡುವಂತಿಲ್ಲ. ಚಾರಣಕ್ಕೆ ಹೋಗಬಹುದಂತೆ, ಮೀನು ಹಿಡಿಯಬಹುದಂತೆ, ಕೋವಿ ಹಿಡಿದರೆ ಮಾತ್ರ ಗೈಡ್ ಬೇಕಂತೆ! ಈ ಕಾನೂನಿನ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿ ಬರೆದರೆ ಸಂಪಾದಕರು ಅಚ್ಚು ಹಾಕುವುದಿಲ್ಲ.

ಕೊನೆಗೆ, ಹೀಗೆ ಮಾಡಿ. ಮುಂದಿನ ಸೀಸನ್ ಹಳೇ ಯೂನಿಟ್‌ನಲ್ಲೇ, ಹುಲ್ಲುಗಾವಲು ಬಿಟ್ಟು. ಜುಲೈ-ಆಗಸ್ಟ್‌ನಲ್ಲಿ ನಿಮ್ಮಲ್ಲಿ ಇಬ್ಬರು ಒಂದೇ ಒಂದು ಹೊಸ ಯೂನಿಟ್‌ಗೆ ಹೋಗಿ ನೋಡಿ ಬರಲಿ, ಮೂರು-ನಾಲ್ಕು ಬೇಡ. ಹತ್ತಿರದ್ದೇ ಆದರೆ ಒಳ್ಳೆಯದು, ಶನಿವಾರ ಹೋಗಿ ಭಾನುವಾರ ಬರಬಹುದು. ಹಿಮ ಬಿದ್ದರೆ ಯಾವ ರಸ್ತೆ ಮುಚ್ಚುತ್ತದೆ, ಸಾರ್ವಜನಿಕ ಜಾಗ ಎಲ್ಲಿ ಮುಗಿದು ರ‍್ಯಾಂಚ್ ಎಲ್ಲಿ ಶುರುವಾಗುತ್ತದೆ, ಒಣ ವರ್ಷದಲ್ಲಿ ನೀರು ಎಲ್ಲಿ ಉಳಿಯುತ್ತದೆ, ಇವು ಫೋನಿನ ನಕ್ಷೆಯಲ್ಲಿ ಅರ್ಧ ಮಾತ್ರ ಸಿಗುತ್ತವೆ. ಹಳೇ ಯೂನಿಟ್‌ನ ದಟ್ಟ ಸ್ಪ್ರೂಸ್ ಕಾಡಿನಲ್ಲೂ ಹಸಿ ಹಿಕ್ಕೆ ಸಿಗಲಿಲ್ಲ, ಲೆಕ್ಕದಲ್ಲೂ ಹಿಂಡು ಇಳಿಯುತ್ತಿದೆ ಅಂದರೆ ಧೈರ್ಯವಾಗಿ ಹೊರಡಿ. ಹೊರಟ ಮೇಲೆ ಹೊಸ ಜಾಗಕ್ಕೆ ಒಂದೇ ವರ್ಷದಲ್ಲಿ ಮಾರ್ಕ್ಸ್ ಹಾಕಬೇಡಿ. ರಾಜ್ಯದ ಒಟ್ಟು ಲೆಕ್ಕದಲ್ಲೇ ಐವರಲ್ಲಿ ಒಬ್ಬರಿಗೆ ಸಿಕ್ಕರೆ ಹೆಚ್ಚು.

ಪ್ರಶ್ನೆ: ನಮ್ಮಲ್ಲಿ ಶಿಕಾರಿ ನಿಂತು ಎಷ್ಟೋ ಕಾಲವಾಯಿತು. ಅಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಹೊಡೆಸಿದರೆ ಪ್ರಾಣಿ ಮುಗಿದುಹೋಗುವುದಿಲ್ಲವೇ?
— ಓದುಗರು, ಸಾಗರ

ಉತ್ತರ: ಒಮ್ಮೆ ಮುಗಿಯುವ ಹಂತಕ್ಕೆ ಬಂದಿತ್ತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕೊಲರಾಡೊದಲ್ಲಿ ಎಲ್ಕ್ ತೀರಾ ಕಮ್ಮಿಯಾಗಿ, ಬೇಟೆ ನಿಲ್ಲಿಸಿ, ವಯೋಮಿಂಗ್‌ನಿಂದ ಹಿಡಿದು ತಂದು ಬಿಡಬೇಕಾಯಿತು. ಹಾಗೆ ಮುಗಿಸಿದ್ದು ಮಾಂಸದ ವ್ಯಾಪಾರ. ಈಗ ಬೇಟೆಯ ಮಾಂಸ ಮಾರುವಂತಿಲ್ಲ, ತಿನ್ನಬಹುದು, ಹಂಚಬಹುದು. ಬಹಳ ಯೂನಿಟ್‌ಗಳಲ್ಲಿ ಗಂಡು ಹೊಡೆಯಬೇಕಾದರೆ ಒಂದು ಕೊಂಬಿಗೆ ನಾಲ್ಕು ಕವಲಾದರೂ ಇರಬೇಕು, ಇಲ್ಲವೇ ಹಣೆ ಮೇಲಿನ ಕವಲು ಐದು ಇಂಚು. ಎಳೆಯ ಗಂಡು ಉಳಿಯಲಿ ಅಂತ. ಜೊತೆಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ರೈಫಲ್, ತೋಟಾಗಳ ಮೇಲೆ ಶೇ. 11 ತೆರಿಗೆ ಇದ್ದು, ಆ ದುಡ್ಡು ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ.

ಇದನ್ನು ಓದಿ ನಮ್ಮಲ್ಲೂ ಹೀಗೆ ಮಾಡಬಹುದಲ್ಲ ಅಂತ ಯಾರಾದರೂ ಬರೆಯುತ್ತಾರೆ, ಗೊತ್ತು. ನನಗೆ ಒಪ್ಪಿಗೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿರದಿದ್ದರೆ ನಮ್ಮ ಕಾಡಲ್ಲಿ ಕಡವೆ ಎಷ್ಟು ಉಳಿಯುತ್ತಿತ್ತೋ! ಕೊಲರಾಡೊದ ವಿಸ್ತಾರವೇ ಬೇರೆ, ಜನಸಂಖ್ಯೆಯೇ ಬೇರೆ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಸ್ನೇಹಿತರ ಜೊತೆ ಎಲ್ಕ್ ಬೇಟೆಗೆ ಹೋಗಬಹುದಾ?
— ಓದುಗರು, ಫೋರ್ಟ್ ಕಾಲಿನ್ಸ್

ಉತ್ತರ: ಜೊತೆಗೆ ಹೋಗಿ ಅಡುಗೆ ಮಾಡಲು ಯಾರ ಅಪ್ಪಣೆಯೂ ಬೇಡ. ಕೋವಿ ಮುಟ್ಟುವುದಾದರೆ ಹುಷಾರು. ಫೆಡರಲ್ ಕಾನೂನಿನಲ್ಲಿ ಎಚ್-1ಬಿ ಥರದ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಅಂದರೆ ಲೈಸೆನ್ಸ್ ಕೈಗೆ ಬರುವ ಮೊದಲು ಸ್ನೇಹಿತರ ರೈಫಲ್ ಹಿಡಿದು ಫೋಟೊ ಕೂಡ ಬೇಡ. ನಿಮ್ಮ ವೀಸಾದ ಪ್ರಶ್ನೆ ಇದು, ಒಮ್ಮೆ ವಕೀಲರನ್ನು ಕೇಳಿಯೇ ಮುಂದೆ ಹೋಗಿ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆಲ್ಲ ಇಲ್ಲಿ ಹಂಟರ್ ಎಜುಕೇಶನ್ ಕಾರ್ಡ್ ಕಡ್ಡಾಯ. ಆ ತರಗತಿಯನ್ನು ಚಳಿಗಾಲದಲ್ಲೇ ಮುಗಿಸಿಕೊಳ್ಳಿ, ಸೀಸನ್ ಹತ್ತಿರ ಬಂದಾಗ ಎಲ್ಲರೂ ಒಟ್ಟಿಗೇ ಓಡಿ ಬರುತ್ತಾರೆ.