ಕೋಲ ವೇದಿಕೆಯ ಕುಣಿತವೇ?

ಪ್ರಶ್ನೆ: ತುಳುನಾಡಿನ ಭೂತಕೋಲವನ್ನು ಈಚೆಗೆ ಮೆರವಣಿಗೆ, ವೇದಿಕೆಗಳಲ್ಲಿ ಕುಣಿತವಾಗಿ ತೋರಿಸುತ್ತಾರೆ. ನಿಜವಾದ ಕೋಲಕ್ಕೂ ಇದಕ್ಕೂ ವ್ಯತ್ಯಾಸವೇನು? – ಓದುಗರೊಬ್ಬರು, ದಾವಣಗೆರೆ

ಉತ್ತರ: ಕೋಲವೆಂದರೆ ದೈವವನ್ನು, ಅಂದರೆ ಭೂತವನ್ನು, ಆವಾಹಿಸುವ ಆರಾಧನೆ. ಕುಣಿತವು ಅದರ ಒಂದು ಅಂಗ ಮಾತ್ರ. ದೈವದ ಖಡ್ಗ, ಗಂಟೆಗಳಿರುವ ಭಂಡಾರವು ಕೋಲದ ಜಾಗಕ್ಕೆ ಬಂದು, ಪಂಬದ, ಪರವ ಅಥವಾ ನಲಿಕೆ ಸಮುದಾಯದ ದೈವನರ್ತಕರು ಎಣ್ಣೆಬೂಳ್ಯ (ಎಣ್ಣೆ, ವೀಳ್ಯ) ಸ್ವೀಕರಿಸಿ ಮಿಂದು, ಮುಖಕ್ಕೆ ಅರದಾಳದ ಹಳದಿ ಬಳಿದುಕೊಳ್ಳುವಾಗ, ಅವರ ಮನೆಯ ಹೆಂಗಸರು ತೆಂಬರೆಯೆಂಬ ಚರ್ಮವಾದ್ಯ ಬಡಿಯುತ್ತ ಆ ದೈವದ ಪಾಡ್ದನವನ್ನು, ಅಂದರೆ ಅದರ ಕತೆ ಹೇಳುವ ತುಳು ಹಾಡನ್ನು, ಹಾಡುತ್ತಾರೆ. ಎಳೆಯ ತೆಂಗಿನ ಗರಿಯ ಸಿರಿಯುಟ್ಟು ಕಾಲಿಗೆ ಗಗ್ಗರವೆಂಬ ದೊಡ್ಡ ಕಡಗ ಕಟ್ಟಿದ ಬಳಿಕ ನರ್ತಕರಿಗೆ ದೈವದ ಆವೇಶವಾಗುತ್ತದೆ. ಆಮೇಲೆ ದೈವವು ತುಳುವಿನಲ್ಲಿ ನುಡಿಕೊಡುತ್ತದೆ, ಊರಿನ ತಂಟೆತಕರಾರುಗಳನ್ನು ಕೇಳಿ ತೀರ್ಮಾನ ಹೇಳುತ್ತದೆ.

ಪಾಡ್ದನವಿಲ್ಲದೆ ಈ ನ್ಯಾಯದ ಮಾತು ಅರ್ಥವಾಗದು. 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನ ಕೈಕಾಲನ್ನು, ಅಂಥದ್ದು ಮತ್ತೊಂದು ಆಗಬಾರದೆಂದು ಅರಸನೇ ಕಡಿಸಿದನೆಂದು ಕಲ್ಕುಡನ ಪಾಡ್ದನ ಹೇಳುತ್ತದೆ. ಅನ್ಯಾಯಕ್ಕೊಳಗಾದವನೇ ಅಲ್ಲಿ ದೈವ. ಈ ಕತೆ, ಭಂಡಾರ, ನುಡಿ ಯಾವುದೂ ಇಲ್ಲದೆ ಬಣ್ಣ, ಗಗ್ಗರಗಳನ್ನಷ್ಟೇ ವೇದಿಕೆಗೆ ತರುವುದು ನಂಬಿದವರನ್ನು ನೋಯಿಸುತ್ತದೆ. ಅದು ಸಲ್ಲದೆಂದೇ ನನ್ನ ಅಭಿಪ್ರಾಯ. ನೋಡಬೇಕೆನಿಸಿದರೆ ಮೇ ಕೊನೆಯಲ್ಲಿ ಬರುವ, ಕೋಲಗಳ ಋತು ಮುಗಿಯುವ ಪತ್ತನಾಜೆಯ ದಿನಕ್ಕೆ ಮುಂಚೆ ಬನ್ನಿ. ಆಮೇಲೆ ಮಳೆಗಾಲದಲ್ಲಿ ಸಾಮಾನ್ಯವಾಗಿ ಕೋಲಗಳು ನಡೆಯುವುದಿಲ್ಲ.