11.21 ಲಕ್ಷ ಕೋಟಿಯೋ, 15.48 ಲಕ್ಷ ಕೋಟಿಯೋ?
2025-26ರ ಕೇಂದ್ರ ಬಜೆಟ್‌ನ ಬಂಡವಾಳ ವೆಚ್ಚ ಒಂದು ಕಡೆ 11.21, ಇನ್ನೊಂದು ಕಡೆ 15.48 ಲಕ್ಷ ಕೋಟಿ ಅಂತಿದೆ, ಯಾವುದು ಸರಿ ಅಂತ ಕೇಳಿದ್ದೀರಲ್ಲ, ಬಹುಶಃ ಎರಡೂ ಸರಿ. ಮೊದಲನೆಯದು ಕೇಂದ್ರ ತಾನೇ ಹೆದ್ದಾರಿ, ರೈಲು, ರಕ್ಷಣೆಗೆ ಹಾಕುವ ದುಡ್ಡು. ರಾಜ್ಯಗಳಿಗೆ ಕೊಡುವ 50 ವರ್ಷದ ಬಡ್ಡಿಯಿಲ್ಲದ ಸಾಲವೂ ಅದರೊಳಗೇ ಬರುತ್ತದೆ. ರಸ್ತೆ, ಕಟ್ಟಡದಂಥ ಆಸ್ತಿ ಕಟ್ಟಲು ರಾಜ್ಯ ಮುಂತಾದವಕ್ಕೆ ಕೊಡುವ 4.27 ಲಕ್ಷ ಕೋಟಿ ಅನುದಾನ ಸೇರಿಸಿದರೆ ಎರಡನೆಯದು, ಅಂದರೆ ‘ಪರಿಣಾಮಕಾರಿ ಬಂಡವಾಳ ವೆಚ್ಚ’ (effective capital expenditure). ಬಜೆಟ್ ಭಾಷಣ ಓದೋದು ಬಿಡಿ, ಸುಮ್ನೆ ತಲೆನೋವು. ಹಣಕಾಸು ಸಚಿವಾಲಯದ ಬಜೆಟ್ ತಾಣದಲ್ಲಿ 2025-26ರ ‘ಬಜೆಟ್ ಅಟ್ ಎ ಗ್ಲಾನ್ಸ್’ (ಬಜೆಟ್‌ನ ಸಾರಾಂಶ) ತೆರೆಯಿರಿ, ಮೊದಲ ಕೋಷ್ಟಕದಲ್ಲೇ ಎರಡೂ ಸಾಲು ಸಿಗುತ್ತವೆ. ನಿಮ್ಮ ಪ್ರಬಂಧಕ್ಕೆ ಒಂದನ್ನೇ ಹಿಡಿದು, ಯಾವುದು ಅಂತ ಬರೆಯಿರಿ. ಹಿಂದಿನ ವರ್ಷಕ್ಕೆ ಹೋಲಿಸುವಾಗ ಮಾತ್ರ ಜೋಪಾನ, 2024-25ರ ಬಜೆಟ್‌ನಲ್ಲಿ ಬಂಡವಾಳ ವೆಚ್ಚಕ್ಕೆ ಇಟ್ಟಿದ್ದ 11.11 ಲಕ್ಷ ಕೋಟಿ, ವರ್ಷದ ಕೊನೆಗೆ ತಿದ್ದಿ ಹಾಕುವ ಪರಿಷ್ಕೃತ ಅಂದಾಜಿನಲ್ಲಿ 10.18 ಲಕ್ಷ ಕೋಟಿಗೆ ಇಳಿದಿತ್ತು.